ಗುಡ್ಡವೋ, ಕಾಲುವೆಯೋ, ಊರಂಚಿನ ಮಸಾರಿ ಹೊಲವೋ: ಮಾನಸಿಕ ಆರೋಗ್ಯ ಕೇಂದ್ರ ಕಟ್ಟುವವರಿಗೆ ಒಂದು ಹೋಲಿಕೆ

ನನ್ನ ತಮ್ಮನನ್ನು ಮೊದಲ ಸಲ ದಾಖಲು ಮಾಡಿದ ವಾರ್ಡಿಗೆ ಇದ್ದದ್ದು ಒಂದೇ ಕಿಟಕಿ. ಅದರಾಚೆ ಮಾರು ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ, ಗೋಡೆಗುಂಟ ಇಳಿದ ಒಂದು ಪೈಪು. ಹದಿನೇಳು ದಿನ ಅವನು ಮಲಗಿದಲ್ಲಿಂದ ಆ ಪೈಪನ್ನೇ ನೋಡಿದ. ಔಷಧಿ ಕೆಲಸ ಮಾಡಿತು, ಡಾಕ್ಟರು ಒಳ್ಳೆಯವರಿದ್ದರು, ಅದರ ಬಗ್ಗೆ ದೂರಿಲ್ಲ. ಆದರೆ ಗಂಗಾವತಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅವನು ಆಡಿದ ಮೊದಲ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಅಣ್ಣಾ, ಅಲ್ಲಿ ಹೊತ್ತು ಮುಳುಗಿದ್ದು ಗೊತ್ತಾಗ್ತಿರಲಿಲ್ಲ."

ನಾನು ಮನೆ, ಶಾಲೆ, ಗೋದಾಮುಗಳ ನಕ್ಷೆ ಬರೆದು ಬದುಕುವವನು. ಆ ಮಾತು ಕೇಳಿದ ಮೇಲೆ ಆಸ್ಪತ್ರೆಗಳ ನಕ್ಷೆಯನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದೆ. ಈಚೆಗೆ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಕೆಲವರು "ನಿಸರ್ಗದ ಮಡಿಲಲ್ಲಿ ಒಂದು ಸಣ್ಣ ಮಾನಸಿಕ ಆರೋಗ್ಯ ಕೇಂದ್ರ ಮಾಡಬೇಕು, ಯಾವ ಜಾಗ ತಗೊಳ್ಳೋಣ, ಹೆಂಗ ಕಟ್ಟೋಣ" ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಲೆಕ್ಕಕ್ಕೆ 30 ಹಾಸಿಗೆಯ ಕೇಂದ್ರ ಎಂದು ಹಿಡಿದಿದ್ದೇನೆ.

ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಫೋಟೋ ಇರುತ್ತದೆ. ಹಸಿರು ಹುಲ್ಲುಹಾಸು, ನಡುವೆ ಕೊಳ, ಮಂಜು ಕವಿದ ಬೆಟ್ಟ. ಅದು ಮಲೆನಾಡಿನದೋ ಕೇರಳದ್ದೋ ಚಿತ್ರ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುವುದು ಮಾಮೂಲು. ನಮ್ಮ ಕಡೆ ನಿಸರ್ಗ ಎಂದರೆ ಬೇವಿನ ನೆರಳು, ಸಂಜೆ ತಿರುಗುವ ಗಾಳಿ, ಮಾಳಿಗೆ ಮೇಲೆ ಮಲಗಿದಾಗ ಕಾಣುವ ಚುಕ್ಕಿ. ಇವನ್ನು ಕೊಡುವ ಜಾಗ ಒಳ್ಳೆಯ ಜಾಗ, ಫೋಟೋದಲ್ಲಿ ಚಂದ ಕಾಣದಿದ್ದರೂ.

ಮನೋರೋಗದ ಮದ್ದು ತಿನ್ನುವವರಿಗೆ ನೆರಳು ಸುಖದ ಮಾತಲ್ಲ, ಜೀವದ ಮಾತು. ಕೈನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಗುಳಿಗೆ ಬೆವರುವುದನ್ನೇ ಕಡಿಮೆ ಮಾಡುತ್ತದೆ. ಮೈ ತಣ್ಣಗಾಗುವ ದಾರಿಯೇ ಅರ್ಧ ಮುಚ್ಚಿದಂತೆ. ಕ್ಲೋರ್‌ಪ್ರೊಮಜಿನ್ ತಗೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಲಿಥಿಯಂ ತಗೊಳ್ಳುವವರು ಬೆವರಿ, ನೀರು ಕುಡಿಯದೆ ಒಣಗಿದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗುತ್ತದೆ. ಹೀಗಿರುವಾಗ "ಪ್ರಕೃತಿ ಚಿಕಿತ್ಸೆ" ಎಂದು ನೆರಳಿಲ್ಲದ ಬಯಲಿನಲ್ಲಿ ವಾಕಿಂಗ್ ಪಾತ್ ಹಾಕಿ ಇವರನ್ನು ಹತ್ತು ಗಂಟೆಯ ಬಿಸಿಲಿಗೆ ಬಿಡುವುದು ಎಷ್ಟು ಸರಿ?

ಜಾಗ: ಮೂರರಲ್ಲಿ ಯಾವುದು

ನನ್ನ ಮುಂದೆ ಮತ್ತೆ ಮತ್ತೆ ಬರುವುದು ಮೂರು ಬಗೆಯ ಜಾಗ.

ಒಂದು, ಗುಡ್ಡದ ಜಾಗ. ಆನೆಗುಂದಿ ಕಡೆಯ ಬಂಡೆಗಲ್ಲಿನ ಗುಡ್ಡದ ಬುಡವೋ, ಸಂಡೂರಿನ ಹಸಿರು ಬೆಟ್ಟದ ಇಳಿಜಾರೋ. ನೋಡಿದ ಕೂಡಲೇ ಮನಸ್ಸು ಸೋಲುತ್ತದೆ, ನನ್ನದೂ ಸೋತಿದೆ. ಆದರೆ ಬಂಡೆ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಕಕ್ಕುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಒಂದು ಬಂಡೆಗೆ ಬೆನ್ನು ತಾಗಿಸಿ ನೋಡಿ, ಇನ್ನೂ ಹಂಚಿನ ಹಾಗೆ ಬೆಚ್ಚಗಿರುತ್ತದೆ. ಆನೆಗುಂದಿ ಸುತ್ತ ಚಿರತೆ ಓಡಾಟ ಇದೆ, ಸಂಜೆಯಾದ ಮೇಲೆ ರೋಗಿಗಳು ಹೊರಗೆ ಕೂರುವ ಹಾಗಿಲ್ಲ. ಸಂಡೂರು ನಿಜಕ್ಕೂ ತಂಪು. ಆದರೆ ಅದಿರು ಲಾರಿಗಳ ದಾರಿಯಿಂದ ಎಷ್ಟು ದೂರ, ಧೂಳು ಯಾವ ಕಡೆಯಿಂದ ಬರುತ್ತದೆ ಎಂದು ನೋಡದೆ ಅಲ್ಲಿ ಕಾಸು ಹಾಕಬಾರದು. ಇದೆಲ್ಲಕ್ಕಿಂತ ದೊಡ್ಡ ತೊಡಕು ದಾರಿ. ಗುಡ್ಡದ ಬುಡಕ್ಕೆ ದಿನಕ್ಕೆ ಎಷ್ಟು ಬಸ್ಸು?

ಎರಡು, ಕಾಲುವೆ ಬದಿಯ ನೀರಾವರಿ ಜಮೀನು. ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆ. ನಾಟಿ ಮಾಡಿದ ಮೇಲೆ ಆ ಹಸಿರು ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಅದು ಎರೆ ಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮಾಮೂಲಿ ಪಾಯ ಹಾಕಿದ ಗೋಡೆ ಮೂರು ವರ್ಷಕ್ಕೆ ಸೀಳುತ್ತದೆ. ಆಳದ ಪೈಲ್ ಪಾಯಕ್ಕೆ ಖರ್ಚು ಹೆಚ್ಚು. ಗದ್ದೆ ನಡುವೆ ಸೊಳ್ಳೆ, ಬೆಳೆ ಇರುವಷ್ಟು ದಿನ ಔಷಧಿ ಸಿಂಪರಣೆಯ ವಾಸನೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಸುತ್ತ ಕೂಳೆ ಬಿಟ್ಟರೆ ಬೇರೇನಿಲ್ಲ. ಮತ್ತೆ, ಬದುಕು ಬೇಡ ಅನ್ನಿಸುವ ಗಳಿಗೆ ದಾಟುತ್ತಿರುವವರನ್ನು ಆಳ ಕಾಲುವೆಯ ಪಕ್ಕ, ಕೀಟನಾಶಕದ ಡಬ್ಬಿಗಳಿರುವ ಹೊಲಗಳ ನಡುವೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಆ ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ದಾಟುವಷ್ಟು ಹೊತ್ತು ಅಪಾಯ ಕೈಗೆಟುಕದಂತೆ ಇಡುವುದು ಜಾಗ ಆರಿಸುವವನ ಮೊದಲ ಕೆಲಸ.

ಮೂರು, ಊರಂಚಿನ ಮಸಾರಿ ಹೊಲ. ಕೆಂಪು ನೆಲ, ನಾಲ್ಕು ಬೇವು, ಒಂದು ಹಳೇ ಬಾವಿ, ಅಂಚಿನಲ್ಲಿ ಬಳ್ಳಾರಿ ಜಾಲಿ. ಯಾರೂ ಫೋಟೋ ತೆಗೆಯದ ಜಾಗ. ಮಳೆ ನೀರು ಇಂಗುತ್ತದೆ, ಪಾಯ ಗಟ್ಟಿ, ಜಿಲ್ಲಾಸ್ಪತ್ರೆ ಹತ್ತಿರ. ಬಳ್ಳಾರಿಯಲ್ಲಿ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲೂ ವೈದ್ಯಕೀಯ ಕಾಲೇಜು ಇವೆ. ರೋಗಿಗೆ ಫಿಟ್ಸ್ ಬಂದರೆ, ಲಿಥಿಯಂ ಏರಿದರೆ ಅರ್ಧ ಗಂಟೆಯಲ್ಲಿ ಅಲ್ಲಿರಬೇಕು. ನೋಡಬೇಕಾದ ದೋಷ ಎರಡು. ಕೊಪ್ಪಳದ ಕಡೆಯಾದರೆ ಕಾರ್ಖಾನೆಗಳ ಹೊಗೆ: ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಹಾಗಾಗಿ ಜಾಗ ಕಾರ್ಖಾನೆಯ ಪಶ್ಚಿಮಕ್ಕಿರಲಿ. ಇನ್ನೊಂದು ಬೋರ್‌ವೆಲ್ ನೀರಿನ ಫ್ಲೋರೈಡ್. ಕೊಪ್ಪಳ, ರಾಯಚೂರು ಎರಡೂ ಜಿಲ್ಲೆಗಳಲ್ಲಿ ಈ ತೊಂದರೆ ಇದೆ. ಕರಾರುಪತ್ರಕ್ಕೆ ಮೊದಲೇ ನೀರಿನ ಪರೀಕ್ಷೆ ಮಾಡಿಸಿ.

ನನ್ನ ಆಯ್ಕೆ ಮೂರನೆಯದು. ಎಲ್ಲಕ್ಕಿಂತ ಮೇಲಿನ ಕಾರಣ ಬಸ್ಸು.

ಇದನ್ನು ಹೇಳಿಕೊಟ್ಟದ್ದು ನಮ್ಮದೇ ಬಳ್ಳಾರಿ. 1980ರ ದಶಕದ ನಡುವಿನಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಆಗಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೋರೋಗದ ಔಷಧಿಯನ್ನು ಅಲ್ಲಿಯೇ ಸಿಗುವಂತೆ ಮಾಡಿದರು. ರೋಗಿ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕಿಲ್ಲ, ಮನೆ ಹತ್ತಿರವೇ ಚಿಕಿತ್ಸೆ ಸಾಧ್ಯ ಎಂದು ಅದು ತೋರಿಸಿತು. "ಬಳ್ಳಾರಿ ಮಾದರಿ" ಎಂದೇ ಹೆಸರಾದ ಅದರ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಇಂಥ ಮಣ್ಣಿನಲ್ಲಿ ನಿಂತು, ಯಾರ ಕಣ್ಣಿಗೂ ಬೀಳದ ಗುಡ್ಡದ ಮರೆಗೆ ರೋಗಿಗಳನ್ನು ಒಯ್ಯುವುದೆಂದರೆ ನಲವತ್ತು ವರ್ಷ ಹಿಂದಕ್ಕೆ ನಡೆದಂತೆ.

ನಮ್ಮವ್ವ ತಮ್ಮನನ್ನು ನೋಡಲು ಹೋಗುವಾಗ ಮೂರು ಬಸ್ಸು ಬದಲಿಸುತ್ತಿದ್ದಳು. ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮುಟ್ಟುವಷ್ಟರಲ್ಲಿ ಭೇಟಿಯ ಸಮಯ ಅರ್ಧ ಮುಗಿದಿರುತ್ತಿತ್ತು. ಒಂದೇ ಬಸ್ಸಿನಲ್ಲಿ ಬಂದು, ಮಗನ ಜೊತೆ ಕೂತು ಉಂಡು, ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟುವ ಹಾಗಿರಬೇಕು. ಜಾಗದ ಪಟ್ಟಿಯಲ್ಲಿ ಇದಕ್ಕೆ ಅರ್ಧ ಅಂಕ ಕೊಡಿ, ಉಳಿದ ಅರ್ಧವನ್ನು ಬೇರೆಲ್ಲದಕ್ಕೂ ಹಂಚಿ.

ಕಟ್ಟಡ: ಒಂದೇ ಬ್ಲಾಕು, ಬಿಡಿ ಕುಟೀರ, ಅಂಗಳದ ಮನೆ

ಎರಡು ಮೂರು ಅಂತಸ್ತಿನ ಒಂದೇ ಬ್ಲಾಕು ಅಗ್ಗ, ಬೇಗ ಏಳುತ್ತದೆ, ರಾತ್ರಿ ಪಾಳಿಗೆ ಕಡಿಮೆ ಜನ ಸಾಕು. ನಡುವೆ ಕಾರಿಡಾರು, ಎರಡೂ ಬದಿ ಕೋಣೆ. ಮೇಲಿನ ಅಂತಸ್ತಿನವರು ನೆಲ ಮುಟ್ಟಬೇಕೆಂದರೆ ಯಾರಾದರೂ ಬೀಗ ತೆಗೆಯಬೇಕು, ಕೆಳಗೆ ಕರಕೊಂಡು ಬರಬೇಕು. ಸಿಬ್ಬಂದಿ ಕಡಿಮೆಯಿದ್ದ ದಿನ ಅದು ಆಗುವುದಿಲ್ಲ, ಮತ್ತು ಸಿಬ್ಬಂದಿ ಕಡಿಮೆಯಿರುವ ದಿನಗಳೇ ಹೆಚ್ಚು. ಕೆಳಗೆ ಎಷ್ಟೇ ಚಂದದ ತೋಟವಿದ್ದರೂ ಅದು ಬೀಗದ ಆಚೆಗಿನ ತೋಟ.

ಬಿಡಿ ಕುಟೀರಗಳ ಯೋಜನೆ ಈಗ ಎಲ್ಲರಿಗೂ ಇಷ್ಟ. ಹಂಪಿ, ಆನೆಗುಂದಿಯ ರೆಸಾರ್ಟ್ ನೋಡಿ ಬಂದವರು ಅದನ್ನೇ ಕೇಳುತ್ತಾರೆ. ಕಾಯಿಲೆ ಹತೋಟಿಗೆ ಬಂದು ಮನೆಗೆ ಮರಳುವ ಹಾದಿಯಲ್ಲಿರುವವರಿಗೆ ಅದು ಚೆನ್ನ: ತಾವೇ ಅಡಿಗೆ ಮಾಡಿಕೊಳ್ಳಲಿ, ತಮ್ಮ ಬಾಗಿಲು ತಾವೇ ಹಾಕಿಕೊಳ್ಳಲಿ. ತೀವ್ರ ಹಂತದಲ್ಲಿರುವವರಿಗೆ ಬೇಡ. ಹತ್ತು ಕುಟೀರಕ್ಕೆ ಇಬ್ಬರು ನರ್ಸುಗಳು ಕತ್ತಲಲ್ಲಿ ಬ್ಯಾಟರಿ ಹಿಡಿದು ಹಾವಿಗೆ ಹೆದರುತ್ತಾ ತಿರುಗುವುದನ್ನು ನೆನೆಸಿಕೊಳ್ಳಿ. ಇನ್ನು "ಸಹಜವಾಗಿರಲಿ" ಎಂದು ಹುಲ್ಲಿನದೋ ಗರಿಯದೋ ಮಾಡು ಕೇಳುವವರಿಗೆ ನಾನು ಒಂದೇ ಹೆಸರು ಹೇಳುತ್ತೇನೆ, ತಮಿಳುನಾಡಿನ ಏರ್ವಾಡಿ. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಕಟ್ಟಿದ್ದ 28 ಮಂದಿ ತಪ್ಪಿಸಿಕೊಳ್ಳಲಾಗದೆ ಸುಟ್ಟುಹೋದರು. ಸರಪಳಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೂರ್ತಿ ನಿಷೇಧಿಸಿದೆ, ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನೂ. ಆದ್ದರಿಂದ ನಕ್ಷೆಯಲ್ಲಿ ಅಂಥ ಕೋಣೆಯನ್ನು ಬರೆಯಲೇಬೇಡಿ. ಸಿಟ್ಟು, ಭಯ ಏರಿದವರಿಗೆ ಒಬ್ಬರು ಜೊತೆ ಕೂರಬಹುದಾದ, ಪುಟ್ಟ ಅಂಗಳಕ್ಕೆ ತೆರೆದ ಕೋಣೆ ಸಾಕು.

ಮೂರನೆಯದು ಅಂಗಳದ ಮನೆ. ನಮ್ಮ ಹಳೇ ಮಾಳಿಗೆ ಮನೆಗಳ ಲೆಕ್ಕವೇ: ನಡುವೆ ಬಯಲು, ಸುತ್ತ ಪಡಸಾಲೆ, ಪಡಸಾಲೆ ಹಿಂದೆ ಕೋಣೆ. 30 ಹಾಸಿಗೆಗೆ ಇಂಥ ಎರಡು ಅಂಗಳ, ತಲಾ 15. ಎಲ್ಲವೂ ನೆಲದ ಮೇಲೆ. ಅಂಗಳ ಒಂದೊಂದು ಬದಿಗೆ 10 ಮೀಟರ್‌ಗಿಂತ ಕಿರಿದಾಗಬಾರದು, ಇಲ್ಲವಾದರೆ ಬೇವು ಬೆಳೆಯಲು ಆಗುವುದಿಲ್ಲ, ಗಾಳಿಯೂ ತಿರುಗುವುದಿಲ್ಲ. ನರ್ಸ್ ಮೂಲೆಯಲ್ಲಿ ಕೂತರೆ ಎರಡು ಪಡಸಾಲೆ ಕಣ್ಣಳತೆಯಲ್ಲಿ. ಯಾರಿಗೂ ಬೀಗ ತೆಗೆಯುವ ಕೆಲಸವಿಲ್ಲ. ನಡುರಾತ್ರಿ ನಿದ್ದೆ ಬಾರದವನು ಎದ್ದು ಬಂದು ಕಟ್ಟೆ ಮೇಲೆ ಕೂತು ಆಕಾಶ ನೋಡಬಹುದು.

ಅಂಗಳದ ಸುತ್ತ ಪಡಸಾಲೆ ಮುರಿಯದೆ ಸುತ್ತಿ ಬರಲಿ. ಕೆಲವು ಮದ್ದಿನಿಂದ ಕಾಲು ನಿಲ್ಲಲಾರದ ಚಡಪಡಿಕೆ ಬರುತ್ತದೆ, ಡಾಕ್ಟರು ಅಕಥಿಸಿಯಾ ಅನ್ನುತ್ತಾರೆ. ನನ್ನ ತಮ್ಮನಿಗೆ ಅದು ಬಂದಾಗ ಕಾರಿಡಾರಿನ ಕೊನೆಯ ಗೋಡೆ ತನಕ ಹೋಗಿ, ಗೋಡೆಗೆ ಅಂಗೈ ಒತ್ತಿ, ತಿರುಗಿ ಬರುತ್ತಿದ್ದ. ಗೋಡೆಯ ಸುಣ್ಣದ ಮೇಲೆ ಅವನ ಕೈ ಒತ್ತಿದಲ್ಲಿ ಕಪ್ಪು ಕಲೆ ಬಿದ್ದಿತ್ತು. ಅದು ಅವನೊಬ್ಬನ ಕಲೆಯೂ ಆಗಿರಲಿಲ್ಲ. ಸುತ್ತು ಹಾದಿಗೆ ಕೊನೆಯಿಲ್ಲ, ನಡೆದಷ್ಟೂ ನಡೆಯಬಹುದು.

ಅಂಗಳದ ಮನೆಗೆ ಜಾಗ ಹೆಚ್ಚು ಬೇಕು, ಚಾವಣಿ ಹೆಚ್ಚು, ಖರ್ಚೂ ಹೆಚ್ಚು. ಆದರೆ ಆ ಚಾವಣಿಯೇ ನೀರು ಕೊಡುತ್ತದೆ. ನೂರರೊಳಗಿನ ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್ ಎಂಬುದು ಕಟ್ಟಡ ನಿಯಮದ ಲೆಕ್ಕ. 30 ಹಾಸಿಗೆಗೆ 10,200 ಲೀಟರ್. 1,000 ಚದರ ಮೀಟರ್ ಚಾವಣಿ, 600 ಮಿಲಿಮೀಟರ್ ಮಳೆ, ಐದರಲ್ಲೊಂದು ಪಾಲು ಹೋಯಿತೆಂದರೂ 4,80,000 ಲೀಟರ್. ಹೆಚ್ಚುಕಡಿಮೆ 47 ದಿನದ ನೀರು, ಅದೂ ಫ್ಲೋರೈಡ್ ಇಲ್ಲದ್ದು.

ಕುಟುಂಬಕ್ಕೆ ಜಾಗ ಬಿಡುವುದನ್ನು ಮರೆಯಬೇಡಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆ ಇರಿಸಿಕೊಂಡರು. ಕಾಯಿಲೆ ಏನೆಂದು ತಿಳಿದುಕೊಂಡ ಮನೆಯವರು ರೋಗಿಯನ್ನು ವಾಪಸು ಕರೆದುಕೊಂಡು ಹೋದರು. ಹತ್ತು ಲಕ್ಷದ ಕಾರಂಜಿ ಬಿಟ್ಟು ನಾಲ್ಕು ಕೋಣೆ, ಒಂದು ಒಲೆಕಟ್ಟೆ ಕಟ್ಟಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಮೂಡಣ, ಪಡುವಣ

1984ರಲ್ಲಿ ರೋಜರ್ ಉಲ್‌ರಿಚ್ ಎಂಬ ಸಂಶೋಧಕ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳಿಂದ ಒಂದು ಸಂಗತಿ ತೋರಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಜನರಲ್ಲಿ ಕಿಟಕಿಯಾಚೆ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಮದ್ದು ಕಡಿಮೆ ತಗೊಂಡರು. ಮನೋರೋಗಿಗಳ ಅಧ್ಯಯನ ಅದಲ್ಲ, ಜನವೂ ಕಡಿಮೆ. ಅದನ್ನು ಮೀರಿ ಎಳೆಯಬಾರದು. ನಮಗೆ ಇನ್ನೂ ಹತ್ತಿರದ್ದು ಇಟಲಿಯ ಮಿಲಾನ್ ನಗರದ ಅಧ್ಯಯನ, 2001ರಲ್ಲಿ ಪ್ರಕಟವಾದದ್ದು. ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉಬ್ಬಿ ಒಮ್ಮೆ ಕುಸಿಯುವ) ಕಾಯಿಲೆಯ ಖಿನ್ನತೆಯವರಲ್ಲಿ ಪೂರ್ವದ ಕೋಣೆಯಲ್ಲಿದ್ದವರು ಪಶ್ಚಿಮದ ಕೋಣೆಯವರಿಗಿಂತ ಸರಾಸರಿ 3.67 ದಿನ ಮೊದಲು ಬಿಡುಗಡೆಯಾದರು. ಬರಿ ಖಿನ್ನತೆಯವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ನಮ್ಮಲ್ಲಂತೂ ಪಶ್ಚಿಮದ ಕೋಣೆ ಹೇಗೂ ಬೇಡ, ಅದು ಸಂಜೆಗೆ ಒಲೆ. ಶೌಚಾಲಯ, ಉಗ್ರಾಣ, ನೀರಿನ ಟ್ಯಾಂಕುಗಳನ್ನು ಪಶ್ಚಿಮಕ್ಕೆ ಸಾಲಾಗಿ ಹಾಕಿ. ಅವೇ ಬಿಸಿಲನ್ನು ತಡೆಯುತ್ತವೆ. ಬೆಳಗಿನ ತಿಂಡಿಯ ಪಡಸಾಲೆ ಪೂರ್ವಕ್ಕೆ ಇರಲಿ. ಎಂಟೂವರೆ ತನಕ ಎಳೆಬಿಸಿಲು ಮೈಮೇಲೆ ಬಿದ್ದು, ಆಮೇಲೆ ಚಜ್ಜ ನೆರಳಿಗೆ ಸರಿಯಬೇಕು.

ಗೋಡೆಗೆ ಕಲ್ಲೋ ಇಟ್ಟಿಗೆಯೋ? ಒಂದೂವರೆ ಅಡಿ ಕಲ್ಲಿನ ಗೋಡೆ ಹಗಲಿನ ಬಿಸಿಯನ್ನು ಒಳಗೆ ಬಿಡುವುದು ರಾತ್ರಿ ಹೊತ್ತಿಗೆ. ಹಾಗಾಗಿ ಹಗಲು ಕೂರುವ ಪಡಸಾಲೆ, ಕೌಶಲ್ಯದ ಕೋಣೆಗಳಿಗೆ ಕಲ್ಲು ಚೆನ್ನ. ಮಲಗುವ ಕೋಣೆಗೆ ರಾಯಚೂರು ಕಡೆ ಸಿಗುವ ಹಾರುಬೂದಿ ಇಟ್ಟಿಗೆ, ಎದುರುಬದುರು ಕಿಟಕಿ, ಚಾವಣಿಗೆ ಬಿಳಿ ಸುಣ್ಣ. ಕಿಟಕಿಗೆ ಜೈಲಿನ ಸರಳು ಹಾಕಬೇಡಿ. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲಿ ತೆರೆದ ರಿಟ್ರೀಟ್ ಎಂಬ ಆಶ್ರಯಧಾಮದಲ್ಲಿ ಕಬ್ಬಿಣದ ಕಿಟಕಿ ಚೌಕಟ್ಟನ್ನು ಮರದ್ದೆಂದೇ ಕಾಣುವಂತೆ ಮಾಡಿದ್ದರು. ಇನ್ನೂರು ವರ್ಷದ ಹಿಂದೆ ಆದದ್ದು ಈಗ ಕಷ್ಟವೇನಲ್ಲ.

ತೋಟ: ಹುಲ್ಲುಹಾಸು, ತೋಪು, ಪಲ್ಯದ ಮಡಿ

ಹುಲ್ಲುಹಾಸಿಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಕಡಿಮೆಯೆಂದರೂ 5 ಲೀಟರ್. 1,000 ಚದರ ಮೀಟರಿಗೆ 5,000 ಲೀಟರ್, ಮೂವತ್ತು ರೋಗಿಗಳ ಅರ್ಧ ನೀರು. ಅಷ್ಟಾದರೂ ಅದರ ಮೇಲೆ ಮಧ್ಯಾಹ್ನ ಯಾರೂ ಕೂರಲಾರರು. ಕೈಬಿಡಿ.

ತೋಪು ಬೇಕು. ಬೇವು, ಹೊಂಗೆ ಬೇಸಿಗೆಯ ಮುಂಚೆ ಎಲೆ ಉದುರಿಸಿ, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ನೆರಳು ಬೇಕಾದಾಗ ನೆರಳಿರುತ್ತದೆ. ಗುಲ್‌ಮೊಹರ್ ಹೂವು ಚಂದ, ಆದರೆ ನೆರಳು ಬೇಕಾದಾಗ ಬೋಳು. ಹುಣಸೆಯ ನೆರಳಿಗೆ ಸಾಟಿಯಿಲ್ಲ, ಆದರೂ ವಾರ್ಡಿನ ಅಂಗಳದಲ್ಲಿ ನಾನು ಹುಣಸೆ ಹಾಕುವುದಿಲ್ಲ. "ಗಾಳಿ ಸೋಕ್ಯದ" ಎಂದು ಹೆದರಿ, ನಾಲ್ಕು ಗುಡಿ ತಿರುಗಿ, ಕೊನೆಗೆ ಡಾಕ್ಟರ ಹತ್ತಿರ ಬಂದ ತಾಯಿಗೆ ಮಗನ ಕೋಣೆ ಮುಂದೆ ಹುಣಸೆ ಮರ ಕಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಅವಳ ನಂಬಿಕೆಯನ್ನು ಅಲ್ಲಿ ತಿದ್ದುವ ಹೊತ್ತಲ್ಲ ಅದು. ಹುಣಸೆ ಗೇಟಿನ ಹತ್ತಿರ, ವಾಹನ ನಿಲ್ಲಿಸುವಲ್ಲಿ ಇರಲಿ. ಬಳ್ಳಾರಿ ಜಾಲಿ ಬುಡಸಮೇತ ಕೀಳಿಸಿ, ಕಣಗಿಲೆಯಂಥ ವಿಷದ ಗಿಡ ಬೇಡ. ಪ್ರತಿ ಮರದಡಿ ಕಟ್ಟೆ, ಪ್ರತಿ ಕಟ್ಟೆಗೆ ಒಂದು ಮಣ್ಣಿನ ಗಡಿಗೆ, ಲೋಟ. ಮದ್ದಿನಿಂದ ಬಾಯಿ ಒಣಗುವವರಿಗೆ ಹೆಜ್ಜೆಗೊಂದು ಅರವಟಿಗೆ ಬೇಕು.

ಪಲ್ಯದ ಮಡಿ ಸಣ್ಣದಿರಲಿ, ಸ್ನಾನದ ನೀರು ಸೋಸಿ ಮರಗಳಿಗೆ, ಬಾವಿ ನೀರು ಮಡಿಗೆ. ಮೆಂತ್ಯ ಇಪ್ಪತ್ತೈದು ದಿನಕ್ಕೆ ಕೈಗೆ ಬರುತ್ತದೆ. ತಿಂಗಳಿರುವವರು ತಾವೇ ಬಿತ್ತಿ ತಾವೇ ಉಣ್ಣಬಹುದು. ಆದರೆ ಹೊಲದ ಕೆಲಸಕ್ಕೆ ಯಾರನ್ನೂ ಒತ್ತಾಯ ಮಾಡುವಂತಿಲ್ಲ, ಮಾಡಿದ ಕೆಲಸಕ್ಕೆ ಕೂಲಿ ಕೊಡಬೇಕು. ಕಾಯ್ದೆಯೇ ಹಾಗೆ ಹೇಳುತ್ತದೆ. ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಳ, ಕೀಟನಾಶಕ ಆವರಣದೊಳಗೆ ಬರಲೇಬಾರದು.

ಸುತ್ತುಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಳವೇ ಒಳಗಿನ ಕಾವಲಾಗಿರುವುದರಿಂದ ಹೊರಗೆ ಎದೆಮಟ್ಟದ ಕಲ್ಲುಗೋಡೆ, ಅದರಾಚೆ ಮೆಹಂದಿ ಬೇಲಿ ಸಾಕು. ಗಾಜಿನ ಚೂರು ನೆಟ್ಟ ಹತ್ತಡಿ ಗೋಡೆ ದಾರಿಹೋಕರಿಗೆ ಒಳಗಿರುವವರ ಬಗ್ಗೆ ಸುಳ್ಳು ಹೇಳುತ್ತದೆ.

ಕೆಲಸದ ಸರದಿ ಹೀಗಿರಲಿ. ಜಾಗ ಗೊತ್ತುಮಾಡುವ ಮೊದಲು ಮೇ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ಬಸ್ಸಿನಲ್ಲೇ ಅಲ್ಲಿಗೆ ಹೋಗಿ, ಕಾರು ಬೇಡ. ಬಸ್ ಸ್ಟಾಪಿನಿಂದ ನಡೆದು, ಇರುವ ಮರದಡಿ ಒಂದು ತಾಸು ಕೂತು, ವಾಪಸು ಬಸ್ಸು ಎಷ್ಟೊತ್ತಿಗೆ ಸಿಕ್ಕಿತು ಬರೆದುಕೊಳ್ಳಿ. ಜೊತೆಗೆ ರೋಗಿಯ ಮನೆಯ ಒಬ್ಬ ತಾಯಿಯನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ನೋಂದಣಿಯಾದ ಮೇಲೆ ಮೊದಲ ಮುಂಗಾರಿಗೆ ಅಂಗಳ ಬರುವ ಕಡೆ ಗುರುತು ಹಾಕಿ ಬೇವು ನೆಡಿ, ಪಾಯ ಆಮೇಲೆ ತೋಡಿ. ದುಡ್ಡು ಹೊಂದಿಸಿ ಗೋಡೆ ಎಬ್ಬಿಸುವಷ್ಟರಲ್ಲಿ ಮೂರು ನಾಲ್ಕು ವರ್ಷ ಆಗಿಯೇ ಆಗುತ್ತದೆ. ಮೊದಲ ರೋಗಿ ಬರುವ ದಿನ ಗಿಡ ಅವನ ತಲೆ ಮೇಲಕ್ಕೆ ಬಂದಿರುತ್ತದೆ.